ನಲವತ್ತು ಗುಣಿ, ಎಂಬತ್ತು ಬೀಜ

ದುರುಗಪ್ಪನಷ್ಟು ಲೆಕ್ಕ ಬಲ್ಲವನು ಸುತ್ತಲಿನ ಏಳು ಹಳ್ಳಿಯಲ್ಲಿ ಇರಲಿಲ್ಲ. ಹಾಗೆಂದು ಹೇಳಿದವನೂ ದುರುಗಪ್ಪನೇ.

ಸುಳ್ಳೇನಲ್ಲ. ಕುರಿಹಿಂಡು ಧೂಳೆಬ್ಬಿಸಿಕೊಂಡು ಎದುರಿಗೆ ಬಂದರೆ, ಅದು ದಾಟಿ ಹೋಗುವಷ್ಟರಲ್ಲಿ ತಲೆ ಎಣಿಸಿ ಮುಗಿಸಿರುತ್ತಿದ್ದ. ತನಗೆ ಕಲಿಸುವಂಥವರು ಊರಲ್ಲಿ ಯಾರೂ ಉಳಿದಿಲ್ಲವೆಂದು ಹೊಳೆದಂಡೆಯ ಆಶ್ರಮಕ್ಕೆ ಬಂದ. ಅಲ್ಲಿ ಮರುಳಯ್ಯನವರೆಂಬ ಗುರುಗಳಿದ್ದರು. ಗ್ರಹಣ ಹಿಡಿಯುವ ಗಳಿಗೆಯನ್ನು ಮರಳಿನ ಮೇಲೆ ಬೆರಳಾಡಿಸಿಯೇ ಹೇಳುತ್ತಾರೆಂದು ಅವರ ಹೆಸರು ದೂರದವರೆಗೂ ಹೋಗಿತ್ತು. ಅವರ ಕಾಲ ಬುಡದಲ್ಲಿ ಕೂತು ಕಲಿಯಬೇಕೆಂಬುದು ಅವನ ಜೀವದಾಸೆ.

ಆದರೆ ಆ ಆಶ್ರಮಕ್ಕೊಂದು ಪದ್ಧತಿ ಇತ್ತು. ಹೊಸಬ ಲೆಕ್ಕ ಕಲಿಯಲು ಪಾಟಿ ಮುಟ್ಟುವ ಮುಂಚೆ ಹೊಳೆಯ ಮರಳುದಿಬ್ಬದಲ್ಲಿ ನಲವತ್ತು ಸೋರೆಬಳ್ಳಿ ಎಬ್ಬಿಸಬೇಕು. ಕಾಯಿ ಒಣಗಿಸಿ, ಬುರುಡೆ ಮಾಡಿ, ಹೊಳೆ ದಾಟಿ ಬಿಸಿಲಲ್ಲಿ ನಡೆದುಹೋಗುವವರಿಗೆ ಅದರಲ್ಲಿ ನೀರು ತುಂಬಿ ಕೊಡುತ್ತಿದ್ದರು.

ಮರುಳಯ್ಯನವರು ಹಳೆಯ ಬೀಜದ ಗಡಿಗೆ ತಂದು ಅವನ ಮುಂದಿಟ್ಟರು.

"ಮೊದಲು ಬೀಜ ಎಂಥದು ನೋಡು."

ಅದು ಅವನಿಗೆ ಗೊತ್ತಿದ್ದ ಕೆಲಸ. ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಬೆಚ್ಚಗಿಟ್ಟ. ಐದಾರು ದಿನ ಬಿಟ್ಟು ಬಿಚ್ಚಿದರೆ ಹತ್ತು ಮೊಳೆತಿದ್ದವು. ಮತ್ತೆ ಇಪ್ಪತ್ತು ಕಟ್ಟಿದ, ಒಂಬತ್ತು. ಇನ್ನೊಮ್ಮೆ ಕಟ್ಟಿದ, ಹನ್ನೊಂದು. ಮೊಳೆತದ್ದನ್ನೆಲ್ಲ ಆಶ್ರಮದ ಮೇಕೆಗೆ ಹಾಕಿ, ಎದೆ ಮುಂದೆ ಮಾಡಿಕೊಂಡು ಗುರುಗಳ ಹತ್ತಿರ ಬಂದ.

"ಅರ್ಧಕ್ಕರ್ಧ ಸತ್ತ ಬೀಜ ಅಯ್ಯನೋರೆ. ಎರಡಕ್ಕೆ ಒಂದು ಹುಟ್ಟುತ್ತೆ. ಚಿಂತೆ ಬೇಡ, ಗುಣಿಗೆ ಎರಡೆರಡು ಹಾಕ್ತೀನಿ. ಒಂದು ಸತ್ತರೆ ಇನ್ನೊಂದು ಹುಟ್ಟುತ್ತೆ. ನಲವತ್ತು ಗುಣಿ, ಎಂಬತ್ತು ಬೀಜ, ನಲವತ್ತು ಬಳ್ಳಿ."

"ಖಾತ್ರಿಯೋ?"

"ಖಾತ್ರಿ."

ಆಶ್ರಮದ ಅಡುಗೆ ನೋಡಿಕೊಳ್ಳುವ ಕೊಟ್ರವ್ವ ಅಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಒಂದು ಗುಣಿ ಬರಿದಾದರೆ ಏನ್ ಮಾಡ್ತೀಯಪ್ಪಾ?"

"ಒಂದೇ ಒಂದು ಬರಿದಾದರೂ ಗಂಟು ಕಟ್ಟಿ ಊರ ದಾರಿ ಹಿಡೀತೀನಿ ಕೊಟ್ರವ್ವ. ಪಾಟಿ ಮುಟ್ಟೋ ಮಾತೇ ಇಲ್ಲ."

ಮರುಳಯ್ಯನವರು ಬೇಡ ಅನ್ನಲಿಲ್ಲ, ಭೇಷ್ ಅನ್ನಲಿಲ್ಲ. ಹೋಗುವುದಾದರೆ ಹೇಳಿ ಹೋಗಬೇಕು ಎಂದರು, ಅಷ್ಟೆ.

ದುರುಗಪ್ಪ ಗುಣಿ ತೋಡಿದ. ಸಾಲಿಗೆ ಎಂಟು, ಐದು ಸಾಲು. ಹಟ್ಟಿಗೊಬ್ಬರ ಹೊತ್ತು ತಂದು ಸುರಿದ. ಗುಣಿಗೆ ಎರಡೆರಡು ಬೀಜ ಊರಿ, ಬೆಳಿಗ್ಗೆ ಸಂಜೆ ಹೊಳೆಯಿಂದ ಕೊಡದಲ್ಲಿ ನೀರು ಹೊತ್ತ. ದುಡಿಮೆಯಲ್ಲಿ ಅವನನ್ನು ಯಾರೂ ಆಡಿಕೊಳ್ಳುವ ಹಾಗಿರಲಿಲ್ಲ. ಕೊಟ್ರವ್ವ ಮಾತ್ರ ದಿನಾ ಊಟಕ್ಕೆ ಬಡಿಸುವಾಗ, ನಲವತ್ತು ಬಳ್ಳಿಯ ಧಣಿಗಳಿಗೆ ಇನ್ನೊಂದು ಮುದ್ದೆ ಹಾಕಲಾ ಎಂದು ಕೇಳುತ್ತಿದ್ದಳು. ಧಣಿಗಳು ಹಾಕಿಸಿಕೊಳ್ಳುತ್ತಿದ್ದರು.

ಎಂಟನೆಯ ದಿನ ಮೊದಲ ಎಲೆಗಳು ಕಂಡವು. ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಎಣಿಸಲು ನಿಂತ.

ಹನ್ನೊಂದು ಗುಣಿ ಬರಿದಾಗಿದ್ದವು.

ಹಿಂಡನ್ನು ಒಂದೇ ನೋಟಕ್ಕೆ ಎಣಿಸುವವನು ಆ ಹನ್ನೊಂದನ್ನು ಮೂರು ಸಲ ಎಣಿಸಿದ. ಮೂರು ಸಲವೂ ಹನ್ನೊಂದೇ. ಹೋಗಿ ತನ್ನ ಎರಡು ಅಂಗಿ, ಕಂಬಳಿ, ಉಣ್ಣುವ ತಣಿಗೆ ಎಲ್ಲವನ್ನೂ ಅವ್ವ ಕೊಟ್ಟಿದ್ದ ಹಳೆ ಪಂಚೆಯಲ್ಲಿಟ್ಟು ಗಂಟು ಕಟ್ಟಿದ. ಆಡಿದ ಮಾತಿಗೆ ತಪ್ಪುವ ಗಂಡಲ್ಲ ಅವನು. ಗಂಟು ಹೆಗಲಿಗೇರಿಸಿ ಗುರುಗಳ ಮುಂದೆ ನಿಂತ.

"ಹೋಗಿ ಬರ್ತೀನಿ ಅಯ್ಯನೋರೆ. ಬೀಜ ನನಗೆ ಮೋಸ ಮಾಡ್ತು."

ಮರುಳಯ್ಯನವರು, ಕೊಟ್ರವ್ವ ಚೌಕಾಬಾರ ಆಡಲು ಇಟ್ಟುಕೊಂಡಿದ್ದ ಹುಣಸೆಬೀಜಗಳಲ್ಲಿ ಎರಡನ್ನು ತರಿಸಿದರು. ಕಲ್ಲಿನ ಮೇಲೆ ತೇದ ಬೀಜ, ಒಂದು ಮಗ್ಗುಲು ಬಿಳಿ, ಇನ್ನೊಂದು ಕಪ್ಪು.

"ಬಿಳಿ ಬಿದ್ದರೆ ಹುಟ್ಟಿತು, ಕಪ್ಪು ಬಿದ್ದರೆ ಸತ್ತಿತು. ಎರಡನ್ನೂ ಒಟ್ಟಿಗೆ ಹಾಕು. ನಲವತ್ತು ಸಲ."

ಗಂಟು ಪಕ್ಕಕ್ಕಿಟ್ಟು ಹಾಕಿದ. ಮರಳಿನ ಮೇಲೆ ಗೀರು ಎಳೆಯುತ್ತ ಹೋದ. ಎರಡೂ ಬಿಳಿ ಹತ್ತು ಸಲ. ಒಂದು ಬಿಳಿ, ಒಂದು ಕಪ್ಪು ಇಪ್ಪತ್ತೆರಡು ಸಲ. ಎರಡೂ ಕಪ್ಪು ಎಂಟು ಸಲ.

ಇನ್ನೊಮ್ಮೆ ನಲವತ್ತು ಎಂದರು ಗುರುಗಳು. ಈ ಸಲ ಎರಡೂ ಕಪ್ಪು ಹನ್ನೊಂದು.

ದುರುಗಪ್ಪ ಗೀರುಗಳನ್ನು ನೋಡುತ್ತ ಕೂತ.

"ಒಂದು ಕಪ್ಪು ಬಿದ್ದ ಮೇಲೆ ಇನ್ನೊಂದು ಬಿಳಿ ಬೀಳಬೇಕಿತ್ತಲ್ಲ," ಎಂದರು ಮರುಳಯ್ಯನವರು. "ಯಾಕೆ ಬೀಳಲಿಲ್ಲ?"

ಅವನು ಬೀಜಗಳನ್ನು ಹೊರಳಿಸಿ ನೋಡಿದ. "ಅದಕ್ಕೇನು ಗೊತ್ತು ಅಯ್ಯನೋರೆ."

"ಏನು ಗೊತ್ತಿಲ್ಲ?"

"ಪಕ್ಕದ ಬೀಜ ಸತ್ತಿದೆ ಅಂತ."

ಗುರುಗಳು ಎರಡು ಬೀಜಗಳನ್ನೂ ಅವನ ಅಂಗೈಯಲ್ಲಿಟ್ಟರು. ಒಂದನ್ನು ಅಣ್ಣ ಅಂದುಕೋ, ಇನ್ನೊಂದನ್ನು ತಮ್ಮ ಅಂದುಕೋ, ಎಷ್ಟು ಬಗೆಯಲ್ಲಿ ಬೀಳಬಹುದು ಹೇಳು ಎಂದರು.

ಮೂರು ಎಂದು ಹೇಳಲು ಬಾಯಿ ತೆರೆದವನು ನಿಲ್ಲಿಸಿದ. ಮರಳಿನ ಮೇಲೆ ಬರೆದ. ಅಣ್ಣನೂ ತಮ್ಮನೂ ಹುಟ್ಟುವುದು ಒಂದು. ಅಣ್ಣ ಹುಟ್ಟಿ ತಮ್ಮ ಸಾಯುವುದು ಒಂದು. ತಮ್ಮ ಹುಟ್ಟಿ ಅಣ್ಣ ಸಾಯುವುದು ಒಂದು. ಇಬ್ಬರೂ ಸಾಯುವುದು ಒಂದು.

"ನಾಲ್ಕು ದಾರಿ," ಎಂದ. "ನಾಲ್ಕರಲ್ಲಿ ಒಂದು ಬರಿದು. ನಲವತ್ತರಲ್ಲಿ ಹತ್ತರ ಆಸುಪಾಸು." ಮುಖ ಕೆಂಪಾಯಿತು. "ಬೀಜ ಊರೋ ಮುಂಚೆಯೇ ಇದು ಹೇಳಬಹುದಿತ್ತು. ನಿಮಗೆ ಗೊತ್ತಿತ್ತು."

"ಹತ್ತಿರ ಹತ್ತಿರ ಗೊತ್ತಿತ್ತು."

"ಯಾವ ಗುಣಿ ಬರಿದಾಗುತ್ತೆ ಅನ್ನೋದು?"

"ಅದು ನನಗೂ ಗೊತ್ತಿರಲಿಲ್ಲ."

ಗುರುಗಳು ಎದ್ದು ಮರಳುದಿಬ್ಬದ ಕಡೆಗೆ ನಡೆದರು. ಅವನು ಹಿಂದೆ ಹೋದ. ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಕೊಟ್ರವ್ವನೂ ಬಂದಳು, ನೋಡದೆ ಇರಲು ಅವಳಿಂದ ಆಗಲಿಲ್ಲ.

"ಹನ್ನೊಂದು ಬರಿದು ಅಂದೆ. ಮಿಕ್ಕ ಇಪ್ಪತ್ತೊಂಬತ್ತರಲ್ಲಿ ಏನಿದೆ?"

"ಬಳ್ಳಿ ಇದೆ."

"ಎಷ್ಟು?"

ದುರುಗಪ್ಪ ಅದನ್ನು ಎಣಿಸಿಯೇ ಇರಲಿಲ್ಲ. ಸೋತದ್ದನ್ನು ಮೂರು ಸಲ ಎಣಿಸಿದವನು ಹುಟ್ಟಿದ್ದರ ಕಡೆ ತಿರುಗಿ ನೋಡಿರಲಿಲ್ಲ. ಈಗ ಬಗ್ಗಿ ಬಗ್ಗಿ ನೋಡಿದ. ಇಪ್ಪತ್ತು ಗುಣಿಯಲ್ಲಿ ಒಂದೊಂದು ಸಸಿ. ಒಂಬತ್ತು ಗುಣಿಯಲ್ಲಿ ಅಣ್ಣ ತಮ್ಮ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು.

"ಮೂವತ್ತೆಂಟು," ಎಂದ. ದನಿ ಬದಲಾಗಿತ್ತು. "ಎಂಬತ್ತು ಬೀಜಕ್ಕೆ ಮೂವತ್ತೆಂಟು ಸಸಿ ಅಯ್ಯನೋರೆ. ಅರ್ಧಕ್ಕೆ ಎರಡು ಕಡಿಮೆ, ಅಷ್ಟೇ."

ಅವನ ಲೆಕ್ಕ ಪೂರ್ತಿ ಸುಳ್ಳಾಗಿರಲಿಲ್ಲ. ಇಡೀ ದಿಬ್ಬಕ್ಕೆ ಹೇಳಬೇಕಾದ ಮಾತನ್ನು ಒಂದೊಂದು ಗುಣಿಯ ಬಾಯಿಂದಲೂ ಹೇಳಿಸಲು ಹೋಗಿದ್ದ.

ಯಾರೂ ಹೇಳಿಕೊಡಲಿಲ್ಲ. ಅವನೇ ಕುಕ್ಕರಗಾಲಲ್ಲಿ ಕೂತು, ಜೋಡಿ ಇದ್ದ ಗುಣಿಯಿಂದ ಒಂದೊಂದು ಸಸಿಯನ್ನು ಬೇರಿಗಂಟಿದ ಮಣ್ಣಿನ ಸಮೇತ ಎತ್ತಿ, ಬರಿದಾದ ಗುಣಿಯಲ್ಲಿ ನೆಟ್ಟ. ಬಿಸಿಲೇರುವ ಮುಂಚೆ ಒಂಬತ್ತೂ ಮುಗಿಯಿತು. ಎಲೆ ಮುಚ್ಚಿ ನೆರಳು ಮಾಡಿದ. ಬೆವರು ಒರೆಸಿಕೊಂಡು ಎದ್ದು ನಿಂತಾಗ ಎರಡು ಗುಣಿ ಅವನನ್ನೇ ನೋಡುತ್ತಿದ್ದವು.

ಕೊಟ್ರವ್ವ ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. ಮೊದಲ ಸಲ ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. "ಎರಡು ಉಳೀತಲ್ಲೋ ದುರುಗಾ."

"ಹೂಂ ಕೊಟ್ರವ್ವ. ಒಂದು ಉಳಿದರೂ ಹೋಗ್ತೀನಿ ಅಂದಿದ್ದೆ."

ಹೋಗಿ ಗಂಟು ಎತ್ತಿಕೊಂಡು ಬಂದ. ಆದರೆ ಕಾಲು ಏಳಲಿಲ್ಲ. ಒಂದು ಮಾತು ಕೇಳಿ ಹೋಗಲಾ ಎಂದ. ಗುರುಗಳು ತಲೆಯಾಡಿಸಿದರು.

"ಮೂರು ಬೀಜ ಹಾಕಿದ್ದರೆ ಎಂಟರಲ್ಲಿ ಒಂದು ಗುಣಿ ಬರಿದು. ನಾಲ್ಕು ಹಾಕಿದ್ದರೆ ಹದಿನಾರರಲ್ಲಿ ಒಂದು. ಐದಕ್ಕೆ ಮೂವತ್ತೆರಡರಲ್ಲಿ ಒಂದು. ಗಂಟು ತರೋಕೆ ಹೋಗಿ ಬರೋ ದಾರಿಯುದ್ದಕ್ಕೂ ಮನಸ್ಸಲ್ಲೇ ಗುಣಿಸಿ ನೋಡಿದೆ. ಎಷ್ಟು ಹಾಕಿದರೂ ಅದು ಸಣ್ಣದಾಗುತ್ತೆ, ಸೊನ್ನೆ ಆಗೋದೇ ಇಲ್ಲ. ಹೌದಾ?"

"ಹೌದು."

"ಹಂಗಾದರೆ ನಾನು ಖಾತ್ರಿ ಅಂತ ಯಾವ ಬಾಯಲ್ಲಿ ಹೇಳಿದೆ?"

ಮರುಳಯ್ಯನವರು ಬರಿದಾದ ಎರಡು ಗುಣಿಗಳ ಕಡೆ ಕೈ ತೋರಿಸಿದರು.

"ಇವೆರಡಕ್ಕೆ ಎರಡು ಸಸಿ ಬೇಕು. ಎಷ್ಟು ಬೀಜ ತಗೋತೀಯ?"

ಹಿಂದಿನ ದುರುಗಪ್ಪನಾಗಿದ್ದರೆ ನಾಲ್ಕು ಎಂದು ಎದೆ ತಟ್ಟುತ್ತಿದ್ದ. ಈಗಿನವನು ಮರಳಿನ ಮೇಲೆ ಬೆರಳಾಡಿಸಿದ, ಅಳಿಸಿದ, ಮತ್ತೆ ಆಡಿಸಿದ. ಕೊಟ್ರವ್ವ ಬಿಸಿಲಲ್ಲಿ ನಿಂತೇ ಇದ್ದಳು.

"ಎಂಟು," ಎಂದ.

"ಎಂಟರಲ್ಲಿ ಎರಡು ಮೊಳೆಯುವುದು ಖಾತ್ರಿಯೋ?"

"ಖಾತ್ರಿ ಇಲ್ಲ ಅಯ್ಯನೋರೆ. ಆದರೆ ಬರುವ ಸಂಭವವೇ ಬಹಳ. ಬರದಿದ್ದರೆ ಇನ್ನೆಂಟು ನೋಡ್ತೀನಿ." ಅಷ್ಟು ಹೇಳಿ, ಹೆಗಲ ಮೇಲಿನ ಗಂಟು ನೆನಪಾಗಿ ತಲೆ ತಗ್ಗಿಸಿದ. "ನೋಡ್ತಿದ್ದೆ. ಇದ್ದಿದ್ದರೆ."

ಗುರುಗಳು ಕೊಟ್ರವ್ವನಿಂದ ಬೀಜದ ಗಡಿಗೆ ತರಿಸಿ, ಕೈ ಹಾಕಿ ಎಂಟು ಬೀಜ ಎಣಿಸಿ ತೆಗೆದರು.

"ಆ ಗಂಟು ಬಿಚ್ಚು. ಪಂಚೆಯನ್ನು ಹೊಳೆಯಲ್ಲಿ ಅದ್ದಿ ಹಿಂಡಿಕೊಂಡು ಬಾ, ಇವನ್ನು ಕಟ್ಟಿಡುವುದಕ್ಕೆ ಒದ್ದೆ ಬಟ್ಟೆ ಬೇಕು."