ಹಸಿವಿಲ್ಲದ ದೇಶ

"ಗುರುಗಳೆ, ಎಲ್ಲೂ ಇಲ್ಲದ ಲೋಕವೊಂದನ್ನು ಕೇಳುವವರು ನಂಬುವ ಹಾಗೆ ಕಟ್ಟುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಅವನು ಕತೆ ಹೇಳುವ ವಿದ್ಯೆ ಕಲಿಯಲು ಗುರುಗಳ ಬಳಿಗೆ ಬಂದವನು. ಒಂದು ದೊಡ್ಡ ಕತೆ ಕಟ್ಟಿದ್ದ. ಅದರಲ್ಲಿ ಯಾರೂ ಕಾಣದ ಒಂದು ದೇಶವಿತ್ತು. ಆ ದೇಶಕ್ಕೆ ಬೇರೆಯದೇ ಲಿಪಿ, ಬೇರೆಯದೇ ದೇವರು, ರೆಕ್ಕೆಯಿರುವ ಕುದುರೆಗಳು, ಆಕಾಶದಲ್ಲಿ ತೇಲುವ ಕೋಟೆ. ಹಿಂದಿನ ದಿನ ಮಠದ ಜಗಲಿಯಲ್ಲಿ ಅದನ್ನು ಹೇಳತೊಡಗಿದಾಗ ಜನ ಆಕಳಿಸಿದರು, ಒಬ್ಬೊಬ್ಬರಾಗಿ ಎದ್ದು ಹೋದರು. ಅವನಿಗೆ ಬಹಳ ಅವಮಾನವಾಗಿತ್ತು.

ಗುರುಗಳು ಅಡಿಕೆ ಕತ್ತರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು: "ಕುದುರೆಗೆ ರೆಕ್ಕೆ ಹಚ್ಚಿದ್ದೀಯಲ್ಲ, ಅದರ ಲದ್ದಿ ಯಾರ ತಲೆಯ ಮೇಲೆ ಬೀಳುತ್ತದೆ?"

ಮರುಳಯ್ಯ ನಕ್ಕ. "ನನ್ನ ದೇಶದಲ್ಲಿ ಅಂಥ ಕೊಳಕಿಲ್ಲ ಗುರುಗಳೆ. ಅಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲ."

"ಕೊರತೆಯೇ ಇಲ್ಲವೋ! ಭೇಷ್." ಗುರುಗಳು ಅಡಕತ್ತರಿಯನ್ನು ಕೆಳಗಿಟ್ಟರು. ಅವರು ನಗುತ್ತಿರಲಿಲ್ಲ. "ಹಾಗಾದರೆ ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ. ಮುಗಿಯುವ ತನಕ ಬಾಯಿ ಹಾಕಬೇಡ."

ಒಬ್ಬ ವ್ಯಾಪಾರಿಯಿದ್ದ. ಎತ್ತುಗಳ ಮೇಲೆ ಹೇರು ಹಾಕಿಕೊಂಡು ದೂರದ ಊರುಗಳಿಗೆ ಹೋಗುತ್ತಿದ್ದ. ಸುಗ್ಗಿ ಮುಗಿದ ಮೇಲೆ ಹೊರಟರೆ ಮಳೆಗೆ ಮುಂಚೆ ಮರಳುತ್ತಿದ್ದ. ಒಂದು ವರ್ಷ ಅವನ ಜತೆ ಒಬ್ಬ ಕುಂಬಾರನೂ ಹೊರಟ. ಬೇರೆ ಊರಿನಲ್ಲಿ ತನ್ನ ಕೈಕೆಲಸಕ್ಕೆ ಒಳ್ಳೆಯ ಬೆಲೆ ಸಿಕ್ಕೀತು ಎಂಬ ಆಸೆ ಅವನಿಗೆ. ದಾರಿಯಲ್ಲಿ ಕುಂಬಾರನಿಗೆ ಜ್ವರ ಬಂತು. ಒಂದು ಹಳ್ಳದ ದಡದಲ್ಲಿ ಸತ್ತುಹೋದ. ವ್ಯಾಪಾರಿ ಅಲ್ಲೇ ಗುಂಡಿ ತೋಡಿ ಮಣ್ಣು ಮಾಡಿದ, ಮೇಲೆ ನಾಲ್ಕು ಕಲ್ಲು ಇಟ್ಟ, ಮುಂದೆ ಹೋದ. ಹೋಗದೆ ಇನ್ನೇನು ಮಾಡಿಯಾನು?

ಊರಿಗೆ ಮರಳಿದಾಗ ಕುಂಬಾರನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಶೆಟ್ಟರೇ, ನಮ್ಮವರು ಹಿಂದೆ ಬರುತ್ತಿದ್ದಾರಾ?" ಎಂದಳು. ವ್ಯಾಪಾರಿ ಬಾಯಿ ತೆರೆದ. ಸತ್ತ ಎಂಬ ಮಾತು ನಾಲಿಗೆಯ ತುದಿಯ ತನಕ ಬಂತು, ಆಚೆ ಬರಲಿಲ್ಲ. ಪಾಪ, ಅವನೇನು ಕೆಟ್ಟವನಲ್ಲ. ಹೇಡಿ, ಅಷ್ಟೇ.

"ಅವನು ಅಲ್ಲೇ ಉಳಿದ ತಾಯೀ. ನೀಲಗೋಡು ಅಂತ ಒಂದು ದೇಶ. ಅಲ್ಲಿಯ ರಾಜ ಅರಮನೆಯ ಕೆಲಸಕ್ಕೆ ಇಟ್ಟುಕೊಂಡಿದ್ದಾನೆ. ಕೋಟೆಯೊಳಗೆ ಹೋದ ಕೆಲಸಗಾರ ಕೆಲಸ ಮುಗಿಯುವ ತನಕ ಹೊರಗೆ ಬರುವ ಹಾಗಿಲ್ಲ. ನಮ್ಮಂಥವರನ್ನು ಬಾಗಿಲ ತನಕ ಬಿಡುತ್ತಾರೆ" ಎಂದುಬಿಟ್ಟ.

ನೀಲಗೋಡು ಎಂಬ ದೇಶ ಎಲ್ಲೂ ಇಲ್ಲ. ಅದು ಹುಟ್ಟಿದ್ದೇ ಆ ಬಾಗಿಲಲ್ಲಿ. ಆದರೆ ಹುಟ್ಟಿದ ಮೇಲೆ ಅದು ನಿಲ್ಲಲೇಬೇಕಾಯಿತು, ಯಾಕೆಂದರೆ ಅದು ಕುಸಿದರೆ ಆ ಹೆಂಗಸಿನ ಗಂಡ ಸಾಯುತ್ತಾನೆ. ಅಷ್ಟು ಭಾರ ಹೊತ್ತ ಕತೆಯನ್ನು ನೀನಂತೂ ಕಟ್ಟಿಲ್ಲ ಮರುಳಯ್ಯ.

ದೂರದ ದೇಶವೆಂದು ತೋರಿಸಲು ವ್ಯಾಪಾರಿ ಬೆರಗಿನ ಮೇಲೆ ಬೆರಗು ಸುರಿದ. ಅಲ್ಲಿ ಆಕಾಶದಲ್ಲಿ ಎರಡು ಚಂದ್ರ. ಮಳೆಗಾಲದಲ್ಲಿ ಬೆಟ್ಟಗಳು ಎದ್ದು ಜಾಗ ಬದಲಿಸುತ್ತವೆ. ಆಕೆ ಎಲ್ಲದಕ್ಕೂ ಹೂಂ ಎಂದಳು. ಆಮೇಲೆ ಕೇಳಿದಳು: "ಎರಡು ಚಂದ್ರ ಇದ್ದರೆ ಯಾವುದನ್ನು ನೋಡಿ ಅಮಾವಾಸ್ಯೆ ಹಿಡಿಯುತ್ತಾರೆ?"

ವ್ಯಾಪಾರಿ ತಡವರಿಸಿದ. ಎರಡೂ ಮರೆಯಾಗುವ ರಾತ್ರಿ ವರ್ಷಕ್ಕೊಂದೇ, ಅದು ನಮ್ಮ ದೀಪಾವಳಿಯ ಮುಂದಿನ ಅಮಾವಾಸ್ಯೆಗೆ ಬರುತ್ತದೆ, ಆ ರಾತ್ರಿ ಅಲ್ಲಿ ಯಾರೂ ಒಲೆ ಹಚ್ಚುವುದಿಲ್ಲ ಎಂದ. ಆಕೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

"ಅಲ್ಲಿಯ ಮಣ್ಣು ಇವರ ಕೈಗೆ ಒಗ್ಗಿತಾ?"

"ಎಲ್ಲಿಯ ಒಗ್ಗುವುದು! ಮೊದಲ ಸಲ ಸುಟ್ಟಾಗ ಅರ್ಧ ಮಡಕೆ ಬಿರುಕುಬಿಟ್ಟವು. ರಾಜ ಬಾಯಿಗೆ ಬಂದ ಹಾಗೆ ಬೈದ."

"ಅವನ ಬಾಯಿಗೆ ಮಣ್ಣು ಬೀಳಲಿ! ಹೊಸ ಮಣ್ಣು ಕೈಗೆ ಹತ್ತುವುದಕ್ಕೆ ನಾಲ್ಕು ದಿನ ಬೇಡವಾ?" ಎಂದು ಆಕೆ ಇಲ್ಲದ ರಾಜನನ್ನು ಶಪಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ನೋಡು ಮರುಳಯ್ಯ, ಎರಡು ಚಂದ್ರ ತೋರಿಸಿದರೂ ಆಕೆ ಅಲ್ಲಾಡಿರಲಿಲ್ಲ. ಒಡೆದ ಮಡಕೆಯ ಮಾತು ಬಂದಾಗ ಗಂಡ ಕಣ್ಣೆದುರು ಬಂದು ಕೂತ. ಅವಳ ಪಾಲಿಗೆ ಅವನು ಬದುಕಿದ್ದ.

ಮುಂದಿನ ಸಲ ವ್ಯಾಪಾರಿ ಹೊರಡುವಾಗ ಆಕೆ ಒಂದು ಗಂಟು ತಂದುಕೊಟ್ಟಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಹಳ ದಿನ ಕೆಡುವುದಿಲ್ಲ. ವ್ಯಾಪಾರಿಗೆ ಅದನ್ನು ತಿನ್ನಲು ಮನಸ್ಸಾಗಲಿಲ್ಲ, ಎಸೆಯಲು ಕೈ ಬರಲಿಲ್ಲ. ಹಳ್ಳದ ದಡಕ್ಕೆ ಬಂದಾಗ ಆ ನಾಲ್ಕು ಕಲ್ಲುಗಳ ಮೇಲಿಟ್ಟ. ಕಾಗೆಗಳು ತಿಂದವು.

ಮರಳಿ ಬಂದ ಕೂಡಲೇ ಆಕೆ ಕೇಳಿದಳು: "ರೊಟ್ಟಿಗೆ ಏನಂದರು?"

"ಉಪ್ಪು ಕಡಿಮೆ ಅಂದ."

"ಅವರದ್ದು ಯಾವಾಗಲೂ ಅದೇ ರಾಗ" ಎಂದು ಆಕೆ ನಕ್ಕಳು. ಆಮೇಲೆ ಒಳಗೆ ಹೋಗಿ ಸಂತೋಷಕ್ಕೆ ಅತ್ತಳು. ವ್ಯಾಪಾರಿ ಹೊರಗೆ ನಿಂತು ಆ ಅಳುವನ್ನು ಕೇಳಿಸಿಕೊಂಡ. ಅವನಿಗೆ ಊಟ ಸೇರಲಿಲ್ಲ.

ಒಮ್ಮೆ ಅವನು ಎಡವಿದ. ನೀಲಗೋಡಿನ ಹೊಳೆ ಪಡುವಣಕ್ಕೆ ಹರಿಯುತ್ತದೆ ಎಂದ. "ಹೋದ ವರ್ಷ ಮೂಡಣಕ್ಕೆ ಅಂದಿದ್ದಿರಲ್ಲ?" ಎಂದಳು ಆಕೆ. ಅವಳ ಮುಖ ಬಿಳಿಚಿತು. ಇನ್ನೊಂದು ಗಳಿಗೆ ತಡೆದಿದ್ದರೆ ಕುಂಬಾರ ಅವನ ಕಣ್ಣೆದುರೇ ಮತ್ತೊಮ್ಮೆ ಸಾಯುತ್ತಿದ್ದ. "ಬೆಟ್ಟ ಎದ್ದು ಅಡ್ಡ ಕೂತಿತು ತಾಯೀ. ಹೊಳೆ ತಿರುಗಿತು" ಎಂದ. "ಅಯ್ಯೋ, ಅಲ್ಲಿಯವರ ಹೊಲಗಳು?" "ಕೊಚ್ಚಿಹೋದವು." ಆಕೆ ಆ ಹೊಲದವರಿಗಾಗಿ ಲೊಚಗುಟ್ಟಿದಳು. ಅಂದಿನಿಂದ ವ್ಯಾಪಾರಿ ದಾರಿಯುದ್ದಕ್ಕೂ ನೀಲಗೋಡನ್ನೇ ಯೋಚಿಸುತ್ತಾ ನಡೆಯತೊಡಗಿದ. ಅಲ್ಲಿ ಉಪ್ಪು ಎಲ್ಲಿಂದ ಬರುತ್ತದೆ, ಹೆಣ ಎಲ್ಲಿ ಹೂಳುತ್ತಾರೆ, ಸಾಲ ತೀರಿಸದವನನ್ನು ಏನು ಮಾಡುತ್ತಾರೆ. ಮೈ ಮುರಿದು ಮಾಡಿದ ಕೆಲಸ ಅದು. ಆ ದೇಶ ಗಟ್ಟಿಯಾಗಿ ನಿಂತಿತು.

ಆಕೆಯೂ ಅರ್ಧ ಅಲ್ಲೇ ಬದುಕತೊಡಗಿದಳು. ಅಲ್ಲಿ ಒಲೆ ಉರಿಯದ ರಾತ್ರಿ ಇಲ್ಲಿ ತಾನೂ ಒಲೆ ಹಚ್ಚಲಿಲ್ಲ. ವರ್ಷದಿಂದ ವರ್ಷಕ್ಕೆ ರೊಟ್ಟಿಯ ಗಂಟು ದೊಡ್ಡದಾಯಿತು. ತಾನು ಒಪ್ಪೊತ್ತು ಉಂಡು ಗಂಡನಿಗೆ ಕಟ್ಟುತ್ತಿದ್ದಳು. ಕೈಕಾಲು ಕಡ್ಡಿಯಾದವು. ವ್ಯಾಪಾರಿಗೆ ಅದನ್ನು ನೋಡಲಾಗಲಿಲ್ಲ. ಆ ಗಂಟನ್ನು ಹೊರಲೂ ಆಗಲಿಲ್ಲ. ಹಳ್ಳದ ದಡದಲ್ಲಿ ಎತ್ತು ನಿಲ್ಲಿಸುವುದೆಂದರೆ ಅವನಿಗೆ ಜೀವ ಹೋದ ಹಾಗಾಗುತ್ತಿತ್ತು. ಒಂದು ವರ್ಷ ಹೇಳಿಯೇಬಿಟ್ಟ.

"ಇನ್ನು ರೊಟ್ಟಿ ಬೇಡ ತಾಯೀ. ಈಗ ಆ ದೇಶದಲ್ಲಿ ಯಾರಿಗೂ ಹಸಿವೇ ಆಗುವುದಿಲ್ಲ. ರಾಜ ಯಾವುದೋ ಬೇರು ತರಿಸಿದ್ದಾನೆ. ಒಮ್ಮೆ ತಿಂದರೆ ಜನ್ಮಕ್ಕೆ ಸಾಕು."

ಕರುಣೆಯಿಂದ ಹೇಳಿದೆ ಎಂದುಕೊಂಡ. ಅರ್ಧ ಕರುಣೆ ಹೌದು. ಇನ್ನರ್ಧ ತನ್ನ ಹೆಗಲು ಹಗುರಾಗಲಿ ಎಂಬ ಸೋಮಾರಿತನ. ಕೇಳುವವರಿಗೆ ಸುಖ ಕೊಡುತ್ತೇನೆ ಎನ್ನುತ್ತಾ ತನಗೆ ಸುಲಭ ಮಾಡಿಕೊಂಡ. ನಿನಗೂ ಈ ಚಾಳಿ ಇದೆ, ಮುಖ ಬೇರೆ ಕಡೆ ತಿರುಗಿಸಬೇಡ.

ಆಕೆ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು. "ಹಸಿವೇ ಇಲ್ಲವಾ?" ಎಂದಳು. "ಒಳ್ಳೆಯದೇ ಆಯಿತು ಬಿಡಿ." ಆ ವರ್ಷ ಅವಳು ಬೇರೇನೂ ಕೇಳಲಿಲ್ಲ.

ಮರುವರ್ಷ ಗಂಡನ ಹಳೆಯ ಕೆಮ್ಮು ಹೇಗಿದೆ ಎಂದು ಕೇಳಿದಳು. ಅಲ್ಲಿ ರೋಗವೇ ಇಲ್ಲ ಎಂದ ವ್ಯಾಪಾರಿ. ಆಮೇಲೊಂದು ವರ್ಷ, ನನ್ನ ತಲೆ ನರೆಯಿತು, ಅವರದ್ದೂ ನರೆತಿರಬೇಕಲ್ಲ ಎಂದಳು. ಅಲ್ಲಿ ಯಾರಿಗೂ ಮುಪ್ಪಿಲ್ಲ ಎಂದ. ಈಗ ಅವನು ದಾರಿಯಲ್ಲಿ ಏನನ್ನೂ ಯೋಚಿಸಬೇಕಾಗಿರಲಿಲ್ಲ. ಕೇಳಿದ್ದಕ್ಕೆಲ್ಲ ಇಲ್ಲ ಎಂದರಾಯಿತು. ಆಕೆಯ ಪ್ರಶ್ನೆಗಳು ಕಡಿಮೆಯಾದವು. ಸದ್ಯ, ಸಮಾಧಾನವಾಯಿತು ಎಂದುಕೊಂಡ ಆ ಮಂಕುದಿಣ್ಣೆ.

ಕೊನೆಗೊಂದು ವರ್ಷ ಆಕೆ ಕೇಳಿದಳು: "ಅವರು ನನ್ನ ಮಾತು ಎತ್ತುತ್ತಾರಾ ಶೆಟ್ಟರೇ?"

ಹೌದು ಎಂದರೆ, ಹಾಗಾದರೆ ಯಾಕೆ ಬರುವುದಿಲ್ಲ ಎಂದು ಕೇಳುತ್ತಾಳೆ. ಇಷ್ಟು ವರ್ಷವಾದರೂ ಮುಗಿಯದ ಕೆಲಸ ಎಂಥದ್ದು ಎನ್ನುತ್ತಾಳೆ. ವ್ಯಾಪಾರಿ ಮತ್ತೆ ಸುಲಭದ ದಾರಿ ಹಿಡಿದ. "ಅಲ್ಲಿ ಅಗಲಿಕೆಯ ನೋವೇ ಇಲ್ಲ ತಾಯೀ. ಹಿಂದಿನದು ಯಾರಿಗೂ ನೆನಪಾಗುವುದಿಲ್ಲ."

ಆಕೆ ಗೋಡೆಗೆ ಒರಗಿ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು: "ಹಸಿವಿಲ್ಲ, ರೋಗವಿಲ್ಲ, ಮುಪ್ಪಿಲ್ಲ. ನನ್ನ ನೆನಪೂ ಇಲ್ಲ. ಹೋದವರು ತಿರುಗಿ ಬರುವುದೂ ಇಲ್ಲ. ಆ ದೇಶ ಯಾವುದು ಅಂತ ನನಗೂ ಗೊತ್ತು ಶೆಟ್ಟರೇ. ಅವರು ತೀರಿಕೊಂಡದ್ದು ಯಾವ ದಿನ, ಅಷ್ಟು ಹೇಳಿ. ಎಡೆ ಇಡಬೇಕು."

ವ್ಯಾಪಾರಿ ತಲೆ ತಗ್ಗಿಸಿದ. ನೀಲಗೋಡಿನ ಎರಡು ಚಂದ್ರ ಯಾವ ರಾತ್ರಿ ಮರೆಯಾಗುತ್ತವೆ ಎಂದು ಅವನಿಗೆ ಗೊತ್ತಿತ್ತು. ಕುಂಬಾರ ಸತ್ತ ದಿನ ಮರೆತುಹೋಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಕಣ್ಣೊರೆಸಿಕೊಂಡ. ದುಃಖವಾಗಿತ್ತು, ಆದರೂ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂಬ ಉತ್ಸಾಹವನ್ನು ಅವನು ತಡೆದುಕೊಳ್ಳಲಾರದೆ ಹೋದ. "ತಿಳಿಯಿತು ಗುರುಗಳೆ. ಅವನು ಹಸಿವನ್ನು ತೆಗೆಯಬಾರದಿತ್ತು. ತೆಗೆದದ್ದಕ್ಕೇ ಆಕೆಗೆ ಆ ದೇಶದ ಮೇಲಿನ ನಂಬಿಕೆ ಹೋಯಿತು."

"ಹೋಯಿತು ಎಂದವರು ಯಾರೋ? ಆವತ್ತೇ ಆಕೆ ಆ ದೇಶವನ್ನು ಪೂರಾ ನಂಬಿದ್ದು. ನಂಬಿದ್ದಕ್ಕೇ ಬಳೆ ಒಡೆದುಕೊಂಡಳು."