ಕೆಂಡಕ್ಕೆ ಹೋದ ಗಂಧಕಮ್ಮ

ಭೂಮಿ ಇನ್ನೂ ಹಸಿ ಮಡಕೆ ಥರ ಇದ್ದ ಕಾಲ. ಆಕಾಶದಲ್ಲಿ ಒಂದು ಕಲ್ಲು ಅಲೀತಿತ್ತು. ಆ ಕಲ್ಲೇ ಕಬ್ಬಿಣಯ್ಯನ ಮನೆ. ಹೆಂಡ್ತಿ ಗಂಧಕಮ್ಮ. ಇವರು ಹೋದ ಕಡೆ ಮನೇನೂ ಹೋಗೋದು.

ಕಬ್ಬಿಣಯ್ಯ ಬಾಯಿ ಬಿಡೋನಲ್ಲ. ಗಂಧಕಮ್ಮ ಬಾಯಿ ಮುಚ್ಚೋಳಲ್ಲ. ಅವಳ ಮೈ ಸ್ವಲ್ಪ ನಾತ, ನಿಜ. ಆದ್ರೂ ಅವಳಿಲ್ದೆ ಹೋದ್ರೆ ಅವನಿಗೆ ಆ ಮನೆ ಬರೀ ಕಲ್ಲು.

ಒಂದಿನ ಒಲೆ ಆರೋಯ್ತು.

"ರೀ, ಬಿಸ್ಲಮ್ಮನ ಮನೇಲಿ ಕೆಂಡ ಇಸ್ಕೊಂಡು ಬರಾಣ," ಅಂದ್ಲು. ಬಿಸ್ಲಮ್ಮ ಅಂದ್ರೆ ಸೂರ್ಯನ ಹೆಂಡ್ತಿ. ಅವಳ ಒಲೆ ಆರಿದ್ದು ಕಂಡೋರಿಲ್ಲ.

"ಹೊಸ್ತಿಲಲ್ಲೇ ಇಸ್ಕೊಂಡು ತಿರುಗಿಬಿಡ್ಬೇಕು. ಒಲೆ ಮುಂದೆ ಕೂತೀಯ! ನಮ್ದು ಕರಗೋ ಮೈ ಕಣೇ."

"ನಾನ್ಯಾಕೆ ಕೂರ್ಲಿ?"

ಕೂತ್ಲು.

"ಚಂದ್ರನ ಸುದ್ದಿ ಕೇಳಿದ್ಯೇನೇ? ದಿನಾ ಊಟ ಬಿಡ್ತಾ ಬಿಡ್ತಾ ಸೊರಗ್ತಾವ್ನಂತೆ," ಅಂದ್ಲು ಬಿಸ್ಲಮ್ಮ.

"ಅಯ್ಯೋ, ಕೊನೆಗೊಂದಿನ ಮನೇನೂ ಬಿಟ್ಟೋಗ್ತಾನಂತೆ, ಹೌದಾ?"

"ಕೆಂಡ ಸಿಕ್ತಲ್ಲ, ನಡಿ," ಅಂದ ಕಬ್ಬಿಣಯ್ಯ.

"ಬಂದೆ."

"ಮೈ ಬೆವರ್ತೈತೆ, ನಡಿಯೇ."

"ಬಂದೇ ಅಂದ್ನಲ್ಲ!"

ಏಳಣ ಅಂದ್ರೆ ಇಬ್ಬರಿಗೂ ಕಾಲೇ ಇಲ್ಲ. ಕರಗಿ, ಬೆರೆತು, ತಮ್ಮ ಕಲ್ಲುಮನೆ ಗೋಡೆ ಬಿರುಕಲ್ಲಿ ಹರೀತಾವ್ರೆ. ಗಂಧಕಮ್ಮನ ಮೈ ಹಗುರಾಗಿ ಹೊಗೆ ಏಳಕ್ಕೆ ಶುರುವಾಯ್ತು.

"ರೀ, ಹಿಡ್ಕೊಳ್ರೀ!"

ಕಬ್ಬಿಣಯ್ಯ ಬಾಚಿ ತಬ್ಕೊಂಡ. ಅರ್ಧ ಹೆಂಡ್ತಿ ಬೆರಳ ಸಂದೀಲಿ ಹೊಗೆಯಾಗಿ ಹೋದ್ಲು. ಇನ್ನರ್ಧ ಅವನು ಬಿಡ್ಲಿಲ್ಲ. ಕೂರೇ ಕೂರೇ ಅಂತಿದ್ದ ಬಿಸ್ಲಮ್ಮ ಮೂಗು ಮುಚ್ಕೊಂಡು ಬಾಗಿಲು ಹಾಕಿದ್ಲು.

ಕಲ್ಲು ಅಲ್ಲಿಂದ ಓಟ ಕಿತ್ತಿತು. ಆರ್ತಾ ಆರ್ತಾ, ತಬ್ಕೊಂಡೋರು ತಬ್ಕೊಂಡಂಗೇ ಗಟ್ಟಿಯಾದ್ರು.

ದಾರೀಲಿ ಗಾಳಿ ಕೇಳ್ತು, "ಇಷ್ಟು ಆತುರವಾಗಿ ಎಲ್ಲಿಗಯ್ಯಾ?"

"ಒಲೆ ಇಲ್ದಿರೋ ಊರಿಗೆ. ಇರೋ ಅರ್ಧನಾದ್ರೂ ಉಳೀಲಿ."

"ಕೆಳಗೆ ಭೂಮಿ ಅಂತ ಐತೆ, ತಣ್ಣಗೈತೆ. ಆದ್ರೆ ನನ್ನ ಉಜ್ಕೊಂಡೇ ಹೋಗ್ಬೇಕು, ಮೈ ಸುಟ್ಟೀತು."

"ಹೊರಗಿನ ಮೈ ತಾನೇ? ಸುಡ್ಲಿ."

"ನಾನೇನೋ ಬಂದೇ ಅಂದಿದ್ದೆ," ಅಂತ ಒಳಗಿಂದ ಸಣ್ಣ ದನಿ. ಅರ್ಧ ಆದ್ರೂ ಬಾಯಿ ಪೂರ್ತಿ ಉಳಿದಿತ್ತು. ಕಬ್ಬಿಣಯ್ಯ ಅವಳನ್ನ ಇನ್ನಷ್ಟು ಬಿಗಿಯಾಗಿ ಹಿಡ್ಕೊಂಡ.

ಅದಕ್ಕೇ ನೋಡು ಮಗ, ಆಕಾಶದಿಂದ ಬಿದ್ದ ಕಲ್ಲು ಹೊರಗೆ ಸೀದ ರೊಟ್ಟಿ ಥರ ಕರ್ರಗಿದ್ರೂ, ಒಡೆದು ನೋಡಿದ್ರೆ ಬೆಳ್ಳಗೆ ಹೊಳೆಯೋ ಕಬ್ಬಿಣದ ಮಗ್ಗುಲಲ್ಲಿ ಗಂಧಕ ಬೆರೆತ ಕಂಚಿನ ಬಣ್ಣದ ಗೆರೆಯೊಂದು ಇವತ್ತಿಗೂ ತಬ್ಕೊಂಡಿರ್ತದೆ.