ನೂರಾ ಹನ್ನೊಂದು ಸಹಿ

ನದಿಯ ಕೆಳದಂಡೆಯಲ್ಲಿ ಅಚಲಾನಂದರ ಆಶ್ರಮವಿತ್ತು. ಅಲ್ಲಿ ವಾಮನನೆಂಬ ಶಿಷ್ಯ ಆರು ವರ್ಷದಿಂದ ಇದ್ದ. ಮನೆ ಬಿಟ್ಟಿದ್ದ, ಅಂಗಡಿ ಬಿಟ್ಟಿದ್ದ, ಬೀಡಿ ಬಿಟ್ಟಿದ್ದ. ಫುಟ್‌ಬಾಲ್ ಮಾತ್ರ ಬಿಟ್ಟಿರಲಿಲ್ಲ.

ಆಡುತ್ತಿದ್ದ ಎಂದಲ್ಲ. ಅವನು ಕೆಳದಂಡೆ ತಂಡದ ಅಭಿಮಾನಿ. ಪಂದ್ಯದ ದಿನ ಜಪಮಣಿ ಬೆರಳಲ್ಲಿದ್ದರೂ ಕಿವಿ ಮೈದಾನದಲ್ಲಿರುತ್ತಿತ್ತು.

ಆ ವರ್ಷ ಕೆಳದಂಡೆ ಹನ್ನೆರಡು ಪಂದ್ಯ ಆಡಿ ಒಂಬತ್ತು ಸೋತಿತು. ಕೊನೆಯದರಲ್ಲಿ ಮೇಲ್ದಂಡೆಯವರಿಂದ ಐದು ಗೋಲು ತಿಂದಿತು. ಇನ್ನು ಮಳೆಗಾಲ ಮುಗಿಯುವ ತನಕ ಪಂದ್ಯವಿಲ್ಲ.

ಪಂದ್ಯವಿಲ್ಲದ ದಿನಗಳಲ್ಲೇ ಅಭಿಮಾನಿಗಳ ಬಾಯಿಗೆ ಬಿಡುವಿಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಎಲ್ಲರೂ ಆಶ್ರಮದ ಮೆಟ್ಟಿಲ ಮೇಲೆ ಕೂತರು.

"ಮೊದಲು ಗೋಲ್‌ಕೀಪರ್‌ನ ಬದಲಿಸಬೇಕು," ಎಂದ ಟಪಾಲು ಹಂಚುವ ಯಂಕಪ್ಪ. "ಚೆಂಡು ಬಂದರೆ ನೆಂಟರು ಬಂದಂಗೆ ಒಳಗೆ ಕರ್ಕೊಳ್ತಾನೆ."

"ಅವನೇನು ಮಾಡ್ತಾನೆ? ಎಡಗಡೆ ಪೂರ್ತಿ ಖಾಲಿ," ಎಂದ ದೋಣಿ ನಡೆಸುವ ಹಸನ್. "ಹೊರಗಿಂದ ಒಬ್ಬ ಓಟಗಾರನ್ನ ತರಬೇಕು. ಅದು ಮೊದಲು."

"ಅದೂ ಅಲ್ಲ, ಇದೂ ಅಲ್ಲ," ಎಂದ ವಾಮನ. "ಮೊದಲು ಕೋಚ್ ಹೋಗಬೇಕು."

ಎಲ್ಲರೂ ಅವನತ್ತ ತಿರುಗಿದರು. ಕೋಚ್ ಎಂದರೆ ಲಾದ್ರು ಮಾಸ್ತರರು. ಅರವತ್ತನಾಲ್ಕು ವರ್ಷ. ತಂಡಕ್ಕೆ ಎರಡು ಸಲ ಕಪ್ ತಂದುಕೊಟ್ಟವರು. ಆದರೆ ಅದಾಗಿ ಬಹಳ ಕಾಲವಾಗಿತ್ತು.

"ಸಂಘದ ಸಮಿತಿಗೆ ಅರ್ಜಿ ಕೊಡೋಣ," ಎಂದ ಯಂಕಪ್ಪ. "ವಾಮನ, ನೀನೇ ಬರಿ. ನಿನ್ನ ಅಕ್ಷರ ಚೆಂದ. ಆಶ್ರಮದವರು ಬರೆದಿದ್ದು ಅಂದ್ರೆ ಅದಕ್ಕೊಂದು ತೂಕ ಬೇರೆ."

ವಾಮನ ಕಾಗದ ತಂದ. ಗೋಲ್‌ಕೀಪರ್ ಒಂದನೆಯದಾಯಿತು. ಎಡಗಡೆಯ ಆಟಗಾರ ಎರಡನೆಯದು. ಮೂರನೆಯದಕ್ಕೆ ಬಂದಾಗ ಯಂಕಪ್ಪ ಕೈ ಅಡ್ಡ ಹಿಡಿದ.

"ಸೋತರು ಅಂತ ಬರೆದರೆ ಅವರನ್ನ ತೆಗೆಯಲ್ಲ. ಗಟ್ಟಿ ಕಾರಣ ಬೇಕು."

"ಅಭ್ಯಾಸದ ನಡುವೆ ಎಲ್ಲೋ ಎದ್ದು ಹೋಗ್ತಾರೆ," ಎಂದ ಹಸನ್. "ದೋಣಿಯಿಂದ ನೋಡಿದ್ದೀನಿ. ಪಂಪ್‌ಮನೆ ಕಡೆ ಹೋಗ್ತಾರೆ, ಸುಮಾರು ಹೊತ್ತಾದ ಮೇಲೆ ಬರ್ತಾರೆ."

ವಾಮನ ಬರೆದ: ತರಬೇತುದಾರರು ಅಭ್ಯಾಸದ ನಡುವೆ ಮೈದಾನ ಬಿಟ್ಟು ಹೋಗುತ್ತಾರೆ.

ಓದಿ ನೋಡಿದ. ಸಪ್ಪೆ ಎನಿಸಿತು. 'ಹೋಗುತ್ತಾರೆ' ಎಂಬುದನ್ನು ಹೊಡೆದು 'ಹೋಗಿ ಕುಡಿದು ಬರುತ್ತಾರೆ' ಎಂದು ಸೇರಿಸಿದ.

ಯಾರೂ ಅದನ್ನು ಹೇಳಿರಲಿಲ್ಲ. ಬರೆದದ್ದನ್ನು ಓದಿ ಹೇಳಿದಾಗ ಯಾರೂ ಬೇಡವೆನ್ನಲೂ ಇಲ್ಲ. ಹಸನ್ ಮಾತ್ರ ನದಿಯ ಕಡೆ ನೋಡಿದ. ಆಮೇಲೆ ಅವನೂ ಸಹಿ ಹಾಕಿದ.

ಸಂಜೆಯೊಳಗೆ ನೂರಾ ಹನ್ನೊಂದು ಸಹಿಯಾದವು.

ಗುರುಗಳು ಅಂಗಳದಲ್ಲಿ ಕೂತು ಹಂಚು ಆರಿಸುತ್ತಿದ್ದರು. ಮಳೆಗೆ ಮುಂಚೆ ಮಾಡು ಸರಿಮಾಡಬೇಕಿತ್ತು.

"ಏನದು ಕಾಗದ?"

"ತಂಡದ ಒಳ್ಳೆಯದಕ್ಕೆ ಮೂರು ಮಾತು ಬರೆದಿದ್ದೇನೆ, ಗುರುಗಳೇ."

"ಓದು."

ವಾಮನ ಓದಿದ. ಮೊದಲೆರಡನ್ನು ಗಟ್ಟಿಯಾಗಿ ಓದಿದ. ಮೂರನೆಯದಕ್ಕೆ ಬಂದಾಗ 'ಮೈದಾನ ಬಿಟ್ಟು ಹೋಗುತ್ತಾರೆ' ಎಂದು ಓದಿ ಕಾಗದ ಮಡಚಿದ.

ಗುರುಗಳು ಒಂದು ಹಂಚನ್ನು ಬೆರಳಿಂದ ಬಡಿದು ನೋಡಿದರು. ಅದನ್ನು ಒಡಕಿನ ರಾಶಿಗೆ ಹಾಕಿದರು.

ಎಂಟು ದಿನದಲ್ಲಿ ಸಮಿತಿ ತೀರ್ಮಾನ ಮಾಡಿತು. ಹೊಸ ಕೋಚ್ ಬರುತ್ತಾರೆ. ಮಳೆ ಹಿಡಿಯುವವರೆಗೆ ಲಾದ್ರು ಮಾಸ್ತರರೇ ಅಭ್ಯಾಸ ನಡೆಸುತ್ತಾರೆ. ಆಮೇಲೆ ಅವರಿಗೆ ವಿಶ್ರಾಂತಿ.

ವಾಮನ ಓಡಿಬಂದು ಗುರುಗಳಿಗೆ ಸುದ್ದಿ ಹೇಳಿದ. "ನಮ್ಮ ಅರ್ಜಿಗೆ ಬೆಲೆ ಕೊಟ್ಟರು!"

"ಅವರ ಅಭ್ಯಾಸ ಎಷ್ಟು ದಿನ ನೋಡಿದ್ದೀಯ?"

"ಪಂದ್ಯ ಒಂದೂ ಬಿಟ್ಟಿಲ್ಲ, ಗುರುಗಳೇ."

"ನಾನು ಕೇಳಿದ್ದು ಅಭ್ಯಾಸ."

ವಾಮನ ತಲೆ ಕೆರೆದುಕೊಂಡ. "ಒಂದು ದಿನವೂ ಇಲ್ಲ."

"ನಾಳೆಯಿಂದ ಸಂಜೆ ಎರಡು ಕೊಡ ನೀರು ಹೊತ್ತುಕೊಂಡು ಹೋಗು. ಆಡುವವರಿಗೆ ಬಾಯಾರುತ್ತದೆ. ಮಳೆ ಬರುವವರೆಗೆ ಅದೇ ನಿನ್ನ ಪಾಠ."

ವಾಮನ ಹೋದ.

ಮೊದಲ ದಿನ ಅವನಿಗೆ ಆಶ್ಚರ್ಯವಾಯಿತು. ಲಾದ್ರು ಮಾಸ್ತರರು ಕೂಗುತ್ತಿರಲಿಲ್ಲ. ವಾಮನನು ಅರ್ಜಿಯಲ್ಲಿ ಬೇಡವೆಂದಿದ್ದ ಗೋಲ್‌ಕೀಪರ್ ರೇವಣ್ಣನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಹಿಂದಿನಿಂದ ಚೆಂಡನ್ನು ಗೋಡೆಗೆ ಎಸೆಯುವುದು, ಪುಟಿದು ಬಂದದ್ದನ್ನು ಅವನು ಹಿಡಿಯುವುದು. ಮುನ್ನೂರು ಸಲ.

"ಕಣ್ಣಿಗೆ ಕಾಣೋ ಮುಂಚೆ ಕೈ ಏಳಬೇಕು, ರೇವಣ್ಣ. ಭಯ ಆಗೋಕೆ ಟೈಮೇ ಕೊಡಬೇಡ," ಎನ್ನುತ್ತಿದ್ದರು. ಮುನ್ನೂರೂ ಅವರೇ ಎಸೆದರು.

ನಡುವೆ ಒಮ್ಮೆ ಅವರು ಚೆಂಡು ಕೆಳಗಿಟ್ಟರು. ಪಂಪ್‌ಮನೆಯ ಕಡೆ ನಡೆದರು. ವಾಮನ ಕೊಡ ಇಳಿಸಿ ಕುತ್ತಿಗೆ ಚಾಚಿದ.

ಅಷ್ಟರಲ್ಲಿ ಮೈದಾನದಲ್ಲಿ ಏನೋ ಆಯಿತು. ಯಾರೂ ಹೇಳದೆ, ಯಾರೂ ಕೂಗದೆ, ಆಟಗಾರರೆಲ್ಲ ಆ ಕಡೆಯ ಗೋಲಿನತ್ತ ಓಡಿದರು. ಪಂಪ್‌ಮನೆಗೆ ಬೆನ್ನು ಮಾಡಿ ನಿಂತು ಚೆಂಡು ಒದೆಯತೊಡಗಿದರು.

ನೀರು ಕುಡಿಯುತ್ತಿದ್ದ ತಂಡದ ನಾಯಕ ಗುತ್ಯಪ್ಪ ವಾಮನನ ಹೆಗಲು ಮುಟ್ಟಿದ. "ನೀವೂ ಈ ಕಡೆ ತಿರುಗಿ."

"ಯಾಕೆ?"

"ಮಾಸ್ತರಿಗೆ ಮೂತ್ರದ ತೊಂದರೆ. ಎರಡು ವರ್ಷ ಆಯ್ತು. ಇಲ್ಲಿ ಅದಕ್ಕೊಂದು ಕೋಣೆ ಇಲ್ಲ. ಪಂಪ್‌ಮನೆ ಗೋಡೆ ಹಿಂದೆ ಹೋಗಿ ತುಂಬ ಹೊತ್ತು ನಿಂತಿರ್ತಾರೆ. ನಮಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ."

ವಾಮನ ತಿರುಗಿದ. ಅವನ ಕಿವಿ ಬಿಸಿಯಾಯಿತು. ಆಟಗಾರರು ಬೇಕೆಂದೇ ಜೋರಾಗಿ ಮಾತಾಡುತ್ತಿದ್ದರು. ಗೋಡೆಯಾಚೆಯ ಸದ್ದು ಯಾರಿಗೂ ಕೇಳಬಾರದೆಂದು.

ಮಾಸ್ತರರು ಮೆಲ್ಲಗೆ ಹಿಂತಿರುಗಿದರು. ಚೆಂಡು ಎತ್ತಿಕೊಂಡರು. "ನೂರಾ ಎಪ್ಪತ್ತೆರಡು," ಎಂದರು.

ಮರುದಿನವೂ ಹೀಗೇ. ಅದರ ಮರುದಿನವೂ. ವಾಮನ ತಾನಾಗಿಯೇ ಬೆನ್ನು ತಿರುಗಿಸುವುದನ್ನು ಕಲಿತ.

ಐದನೆಯ ದಿನ ಮಾಸ್ತರರು ನೀರು ಕುಡಿಯಲು ಅವನ ಪಕ್ಕದಲ್ಲೇ ಕೂತರು.

"ದಿನಾ ಬರ್ತೀರಿ. ತಂಡದ ಮೇಲೆ ಪ್ರೀತಿ ನಿಮಗೆ."

ವಾಮನ ತಲೆಯಾಡಿಸಿದ.

"ನೀವು ಆಶ್ರಮದೋರು, ನಿಮ್ಮ ಹತ್ರ ಹೇಳಬಹುದು. ನಾನು ಕುಡೀತೀನಿ ಅಂತ ಯಾರೋ ಅರ್ಜಿ ಬರೆದಿದ್ದಾರೆ. ಹೆಂಡತಿ ನನ್ನ ಮುಖ ನೋಡಿ, 'ಹೌದೇನ್ರೀ?' ಅಂತ ಕೇಳಿದಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ನನ್ನನ್ನ ಹಾಗೆ ಕೇಳಿರಲಿಲ್ಲ."

"ನೀವು ಸಮಿತಿಗೆ... ಅಲ್ಲ ಅಂತ ಹೇಳಲಿಲ್ಲವೇ?"

"ಹೇಳಿದರೆ, ಮತ್ತೆ ಯಾಕೆ ಹೋಗ್ತೀರಿ ಅಂತ ಕೇಳ್ತಾರೆ." ಮಾಸ್ತರರು ಲೋಟವನ್ನು ಕೈಯಲ್ಲಿ ತಿರುಗಿಸಿದರು. "ಅದು ಹೇಳೋಕಾಗಲ್ಲ. ಕುಡುಕ ಅನ್ನಿಸಿಕೊಳ್ಳೋದು ಅದಕ್ಕಿಂತ ಸುಲಭ."

ಲೋಟ ಕೆಳಗಿಟ್ಟು ಕೇಳಿದರು: "ಅಕ್ಷರ ಮಾತ್ರ ತುಂಬ ಚೆನ್ನಾಗಿತ್ತು. ಯಾರದ್ದು ಅಂತ ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ," ಎಂದ ವಾಮನ.

ಆ ಮಾತು ಬಾಯಿಂದ ಬಿದ್ದದ್ದೇ ಅವನಿಗೆ ನೆಲದಲ್ಲಿ ಇಂಗಿಹೋಗಬೇಕೆನಿಸಿತು. ಮಾಸ್ತರರು "ನೀರು ತಣ್ಣಗಿದೆ" ಎಂದು ಹೇಳಿ ಎದ್ದು ಹೋದರು. ಅವನನ್ನು ನಂಬಿ ಎದ್ದು ಹೋದರು.

ಆಶ್ರಮಕ್ಕೆ ಬಂದವನು ಊಟಕ್ಕೆ ಏಳಲಿಲ್ಲ. ಗುರುಗಳ ಎದುರು ಕೂತು ಎಲ್ಲವನ್ನೂ ಹೇಳಿದ. ಸೇರಿಸಿದ ಮಾತನ್ನು ಹೇಳಿದ. ಓದುವಾಗ ನುಂಗಿದ್ದನ್ನು ಹೇಳಿದ. 'ಗೊತ್ತಿಲ್ಲ' ಎಂದದ್ದನ್ನೂ ಹೇಳಿದ.

"ಇಪ್ಪತ್ತೊಂದು ದಿನ ಉಪವಾಸ ಮಾಡುತ್ತೇನೆ, ಗುರುಗಳೇ. ಮೌನ ಹಿಡಿಯುತ್ತೇನೆ."

"ಮೌನ ಆಗಲೇ ಹಿಡಿದಿದ್ದೀಯಲ್ಲ, ಅವರು ಕೇಳಿದಾಗ," ಎಂದರು ಗುರುಗಳು. "ಎದ್ದು ಊಟ ಮಾಡು. ನಾಳೆ ತುಂಬ ನಡೆಯುವುದಿದೆ."

"ಎಲ್ಲಿಗೆ?"

"ಸಹಿ ಹಾಕಿದವರ ಮನೆಗೆ. ಒಂದನ್ನೂ ಬಿಡಬೇಡ. ಆ ಮಾತು ಸುಳ್ಳು, ಬರೆದವನು ನಾನು ಎಂದು ಹೇಳು."

ವಾಮನನ ಮುಖದಲ್ಲಿ ಕೊಂಚ ಬೆಳಕು ಬಂತು. "ಹೇಳುತ್ತೇನೆ. ಮಾಸ್ತರರಿಗೆ ಪಾಪ, ಇಂಥ ಕಾಯಿಲೆ ಇದೆ ಎಂದು ತಿಳಿದರೆ ಜನರ ಮನಸ್ಸು ಕರಗುತ್ತದೆ."

"ಅದನ್ನು ಹೇಳುವಂತಿಲ್ಲ."

"ಕಾರಣ ಹೇಳದಿದ್ದರೆ ಯಾರು ನಂಬುತ್ತಾರೆ, ಗುರುಗಳೇ? ನನ್ನನ್ನು ಹುಚ್ಚ ಎನ್ನುತ್ತಾರೆ. ಸುಳ್ಳುಗಾರ ಎನ್ನುತ್ತಾರೆ."

"ಸುಳ್ಳು ನಿನ್ನದು, ಅದನ್ನು ಒಪ್ಪಿಕೋ. ಕಾಯಿಲೆ ಅವರದ್ದು. ಅದನ್ನು ಹಂಚಲು ನೀನು ಯಾರು?"

ಅವನಿಗೆ ಒಂಬತ್ತು ದಿನ ಹಿಡಿಯಿತು.

ಕೆಲವರು ನಕ್ಕರು. ಕೆಲವರು, "ಕುಡೀದಿದ್ದರೂ ಒಂಬತ್ತು ಮ್ಯಾಚ್ ಸೋತಿದ್ದು ನಿಜ ತಾನೇ?" ಎಂದರು. ಒಬ್ಬ ಮುದುಕಿ ಅವನ ಕಾವಿಯ ಅಂಚನ್ನು ಹಿಡಿದು, "ಇದನ್ನ ನೋಡಿ ನನ್ನ ಮಗ ಸಹಿ ಹಾಕಿದ," ಎಂದಳು. ಅಲ್ಲಿಂದ ಅವನು ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ಯಂಕಪ್ಪ ಬಾಗಿಲಲ್ಲೇ ಸಿಡಿದ. "ನಮ್ಮನ್ನೆಲ್ಲ ಸುಳ್ಳರನ್ನಾಗಿ ಮಾಡಿದೆಯಲ್ಲೋ! ಮತ್ತೆ ಎಲ್ಲಿಗೆ ಹೋಗ್ತಾರೆ ಅವರು, ಹೇಳು?"

ವಾಮನನ ನಾಲಗೆಯ ತುದಿಗೆ ಬಂತು. ನುಂಗಿಕೊಂಡ. "ಅದನ್ನು ಹೇಳುವ ಹಕ್ಕು ನನಗಿಲ್ಲ."

"ಹಂಗಾದ್ರೆ ನೀನು ಅವರ ಹತ್ರ ಏನೋ ತಿಂದಿದ್ದೀಯ," ಎಂದು ಯಂಕಪ್ಪ ಬಾಗಿಲು ಹಾಕಿದ.

ಹಸನ್ ದೋಣಿ ತೊಳೆಯುತ್ತಿದ್ದ. ಕೇಳಿ ಕೈ ನಿಲ್ಲಿಸಿದ. "ಹೋಗ್ತಾರೆ ಅಂದೆ ನಾನು. ಅಷ್ಟೇ ಅಂದೆ. ಆದರೆ ನೀನು ಬರೆದಾಗ ಬೇಡ ಅನ್ನಲಿಲ್ಲ." ಮತ್ತೆ ದೋಣಿ ತೊಳೆಯತೊಡಗಿದ.

ಸಮಿತಿಯ ಕಾರ್ಯದರ್ಶಿ ಅರ್ಜಿಯ ಆ ಸಾಲನ್ನು ಹೊಡೆದುಹಾಕಿದರು. ಅದು ಸುಳ್ಳೆಂದು ಫಲಕದ ಮೇಲೆ ಚೀಟಿ ಅಂಟಿಸಿದರು. "ಆದರೆ ಹೊಸ ಕೋಚ್‌ಗೆ ಮಾತು ಕೊಟ್ಟಾಗಿದೆ, ಸ್ವಾಮಿ. ಇನ್ನು ತಿರುಗಿಸೋಕಾಗಲ್ಲ," ಎಂದರು.

ಲಾದ್ರು ಮಾಸ್ತರರು ಸಹಿ ಹಾಕಿದವರಲ್ಲ. ಆದರೂ ವಾಮನ ಕೊನೆಗೆ ಅವರ ಮನೆಗೆ ಹೋದ. ಆಗ ಮೊದಲ ಮಳೆ ಬಿದ್ದಿತ್ತು. ಅಭ್ಯಾಸ ನಿಂತಿತ್ತು. ಮಾಸ್ತರರು ಜಗಲಿಯಲ್ಲಿ ಕೂತಿದ್ದರು. ಅವರ ಹೆಂಡತಿ ಸೆರಫಿನಾಬಾಯಿ ಬಾಗಿಲಿಗೆ ಬಂದು ನಿಂತರು.

"ಅರ್ಜಿ ಬರೆದವನು ನಾನು," ಎಂದ ವಾಮನ. "ಕುಡಿಯುವ ಮಾತು ಯಾರೂ ಹೇಳಿದ್ದಲ್ಲ. ನಾನೇ ಸೇರಿಸಿದ್ದು. ಆ ದಿನ ಗೊತ್ತಿಲ್ಲ ಎಂದೆ. ಅದೂ ಸುಳ್ಳು."

ಮಳೆ ಜಗಲಿಯ ಅಂಚಿಗೆ ಸಿಡಿಯುತ್ತಿತ್ತು. ಅವನು ಅಂಗಳದಲ್ಲೇ ನಿಂತಿದ್ದ.

"ಒಳಗೆ ಬನ್ನಿ ಅಂತ ನನ್ನ ಬಾಯಿಂದ ಬರ್ತಿಲ್ಲ," ಎಂದರು ಸೆರಫಿನಾಬಾಯಿ. ಗಂಡನ ಕಡೆ ತಿರುಗಿ ಏನೋ ಹೇಳಹೋದರು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಅವರೂ 'ಹೌದೇನ್ರೀ?' ಎಂದು ಒಂದು ಪ್ರಶ್ನೆ ಕೇಳಿದ್ದರು. ಅದನ್ನು ಅವರೂ ಇನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ.

ಮಾಸ್ತರರು ಎದ್ದು ಜಗಲಿಯ ಅಂಚಿಗೆ ಬಂದರು.

"ರೇವಣ್ಣನ್ನ ಬದಲಿಸಿ ಅಂತಲೂ ನೀವೇ ಬರೆದಿದ್ದಾ?"

"ಹೌದು."

"ಅವನನ್ನ ಬಿಡಬೇಡಿ ಅಂತ ಸಮಿತಿಗೆ ಬರೆದುಕೊಡಿ. ನಾನು ಹೇಳಿದರೆ ಕೇಳಲ್ಲ. ಅವನಿಗೆ ಇನ್ನೊಂದು ವರ್ಷ ಬೇಕು. ಕೈ ಈಗ ಏಳ್ತಾ ಇದೆ."

ಅಷ್ಟು ಹೇಳಿ ಅವರೂ ಒಳಗೆ ಹೋದರು. ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ.

ವಾಮನ ಬರೆದುಕೊಟ್ಟ. ಐದು ಸಂಜೆ ತಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆದ. ಒಂದು ಪುಟಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಸಮಿತಿ ರೇವಣ್ಣನನ್ನು ಉಳಿಸಿಕೊಂಡಿತು.

ಮಳೆಗಾಲ ಮುಗಿಯಿತು. ಹೊಸ ಕೋಚ್ ಬಂದರು. ಮೊದಲ ಪಂದ್ಯದಲ್ಲೇ ಕೆಳದಂಡೆ ಮೇಲ್ದಂಡೆಯನ್ನು ಒಂದು ಗೋಲಿನಿಂದ ಸೋಲಿಸಿತು. ರೇವಣ್ಣ ಏಳು ಚೆಂಡು ತಡೆದ.

ಆಶ್ರಮದ ಮೆಟ್ಟಿಲ ಮೇಲೆ ಹಬ್ಬವೋ ಹಬ್ಬ. "ನೋಡಿದೆಯಾ, ವಾಮನ?" ಎಂದು ಯಂಕಪ್ಪ ಹಳೆಯ ಕೋಪ ಮರೆತು ಅವನ ಬೆನ್ನಿಗೆ ಗುದ್ದಿದ. "ಕೋಚ್ ಬದಲಿಸಿದ್ದೇ ಸರಿ! ನಾವು ಅಂದಿದ್ದೇ ಸರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ವಾಮನನ ಕಣ್ಣ ಮುಂದೆ ಗೋಡೆಗೆ ಚೆಂಡು ಎಸೆಯುವ ಒಂದು ಕೈ ಬಂತು. ಅವನು ಎದ್ದು ಒಳಗೆ ಹೋದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

"ತಂಡ ಗೆದ್ದಿತು, ಗುರುಗಳೇ."

"ಗದ್ದಲ ಕೇಳಿಸಿತು."

"ಎಲ್ಲರಿಗೂ ಸಂತೋಷ. ನನಗೆ ಮುಖ ಎತ್ತಲಾಗುತ್ತಿಲ್ಲ. ಸೋತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ."

ಗುರುಗಳು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿದರು.

"ನೂರಾ ಹನ್ನೊಂದು ಮನೆಗೆ ಹೋದೆ. ಮಾಸ್ತರರ ಮನೆಗೂ ಹೋದೆ. ಹೇಳಬೇಕಾದ್ದೆಲ್ಲ ಹೇಳಿದೆ. ನಾಲ್ಕು ತಿಂಗಳಾಯಿತು." ವಾಮನ ಗುರುಗಳ ಎದುರು ಕೂತ. "ಈ ನಾಚಿಕೆ ನನ್ನನ್ನು ಬಿಟ್ಟು ಯಾವಾಗ ಹೋಗುತ್ತದೆ?"

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

"ಅದು ಈಗಷ್ಟೇ ನಿನಗೆ ಕಲಿಸಲು ಶುರುಮಾಡಿದೆ. ಅದನ್ನೂ ಕಳಿಸಿಬಿಡುವ ಆತುರವೇ?"